ಪಾಳಿ ಮರೆತ ಪಟ್ಟಿ

2020ರ ಮಾರ್ಚ್ 18, ಬುಧವಾರ ಸಂಜೆ. ಇಂಗ್ಲೆಂಡಿನ ಶಿಕ್ಷಣ ಸಚಿವ ಗ್ಯಾವಿನ್ ವಿಲಿಯಮ್ಸನ್ ಸಂಸತ್ತಿನಲ್ಲಿ ಎದ್ದು ನಿಂತು, ಶುಕ್ರವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಮುಂದಿನ ಸೂಚನೆಯವರೆಗೆ ಶಾಲೆಗಳು ಮುಚ್ಚಿರುತ್ತವೆ ಎಂದರು. ಮರುದಿನ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಆದರೆ ಅದೇ ಮಾತಿನ ಬೆನ್ನಿಗೆ ಅವರು ಇನ್ನೊಂದು ಸಂಗತಿಯನ್ನೂ ಹೇಳಿದ್ದರು: ಅಗತ್ಯ ಸೇವೆಯಲ್ಲಿರುವವರ ಮಕ್ಕಳಿಗೆ, ಸಮಾಜ ಕಾರ್ಯಕರ್ತರ ಕಣ್ಗಾವಲಿನಲ್ಲಿರುವ ಮಕ್ಕಳಿಗೆ ಮತ್ತು ವಿಶೇಷ ನೆರವು ಬೇಕಾದ ಕೆಲವು ಮಕ್ಕಳಿಗೆ ಶಾಲೆಯ ಬಾಗಿಲು ತೆರೆದೇ ಇರುತ್ತದೆ.

ಹಾಗಾಗಿ 'ಶಾಲೆ ಮುಚ್ಚಿದ್ದ ಕಾಲ' ಎಂದು ಈಗ ಎಲ್ಲರೂ ನೆನೆಯುವ ಆ ತಿಂಗಳುಗಳಲ್ಲಿ ಇಂಗ್ಲೆಂಡಿನ ಹೆಚ್ಚಿನ ಶಾಲೆಗಳ ಗೇಟು ಬೆಳಿಗ್ಗೆ ಎಂದಿನಂತೆ ತೆರೆದುಕೊಳ್ಳುತ್ತಿತ್ತು. ಇನ್ನೂರು ಮುನ್ನೂರು ಮಕ್ಕಳ ಗಲಾಟೆ ಇರುತ್ತಿದ್ದ ಕಡೆ ಹತ್ತು ಹದಿನೈದು ಮಕ್ಕಳು. ಬೇರೆ ಬೇರೆ ತರಗತಿಯವರು, ಒಂದೇ ಕೋಣೆಯಲ್ಲಿ, ದೂರ ದೂರದ ಮೇಜುಗಳಲ್ಲಿ. ಏಪ್ರಿಲ್‌ನಲ್ಲಿ ಶಾಲೆಗೆ ಬರುತ್ತಿದ್ದವರು ನೂರಕ್ಕೆ ಒಂದಿಬ್ಬರು ಮಾತ್ರ. ಆ ಒಂದಿಬ್ಬರ ಹಿಂದೆ ಒಂದು ವಾರ್ಡು, ಒಂದು ಆಂಬ್ಯುಲೆನ್ಸು, ಒಂದು ದಿನಸಿ ಮಳಿಗೆ, ಒಂದು ಬಸ್ಸು ನಡೆಯುತ್ತಿತ್ತು.

ಕೋವಿಡ್ ಮಹಾಮಾರಿಯ ಕಾಲದ ಸರ್ಕಾರಿ ತೀರ್ಮಾನಗಳಲ್ಲಿ ಹೆಚ್ಚು ಚರ್ಚೆಯಾದದ್ದು ಲಾಕ್‌ಡೌನ್, ಲಸಿಕೆ ಮತ್ತು ಪರೀಕ್ಷೆಗಳು. ಈ ಏರ್ಪಾಡನ್ನು ಪ್ರತ್ಯೇಕವಾಗಿ ಎತ್ತಿಕೊಂಡು ತೂಗಿ ನೋಡಿದವರು ಕಡಿಮೆ. ಅದು ತೂಗಬೇಕಾದ ಕೆಲಸ. ಏಕೆಂದರೆ ಇಲ್ಲಿ ಒಂದು ದೇಶ, ಪಾಠವನ್ನು ಬದಿಗಿಟ್ಟರೆ ಶಾಲೆಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ತನಗೇ ಗೊತ್ತಿಲ್ಲದೆ ಪರೀಕ್ಷೆ ಮಾಡಿ ನೋಡಿತು. ಆಸ್ಪತ್ರೆಗಳನ್ನು ನಡೆಸುವ ಉಪಾಯವಾಗಿ ಅದು ಗೆದ್ದಿತು ಎನ್ನಬಹುದು. ಮಕ್ಕಳನ್ನು ಕಾಪಾಡುವ ಏರ್ಪಾಡಾಗಿ ಅರ್ಧ ದಾರಿಯಲ್ಲಿ ನಿಂತಿತು. ಎರಡೂ ಆದದ್ದು ಒಂದೇ ಕಾರಣದಿಂದ. ಅದರ ತಳಹದಿಯಲ್ಲಿದ್ದ ಪಟ್ಟಿ, ತಾಯಿತಂದೆ ಯಾವ ಕೆಲಸ ಮಾಡುತ್ತಾರೆ ಎಂದು ಕೇಳಿತು. ಮಗುವಿಗೆ ಏನು ಬೇಕು, ಎಷ್ಟು ಹೊತ್ತಿನವರೆಗೆ ಬೇಕು ಎಂದು ಕೇಳಲಿಲ್ಲ.

ಲೆಕ್ಕ ಮೊದಲೇ ಗೊತ್ತಿತ್ತು. ಶಾಲೆ ಮುಚ್ಚಿದರೆ ಮಗು ಮನೆಗೆ ಬರುತ್ತದೆ. ಮಗು ಮನೆಗೆ ಬಂದರೆ ಯಾರಾದರೊಬ್ಬರು ಮನೆಯಲ್ಲಿರಬೇಕು. ಆ ಯಾರೋ ಒಬ್ಬರು ಸಾಮಾನ್ಯವಾಗಿ ತಾಯಿ. ಆ ತಾಯಿ ನರ್ಸ್ ಆಗಿದ್ದರೆ ವಾರ್ಡಿನಲ್ಲಿ ಒಬ್ಬರು ಕಡಿಮೆ. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸಿಬ್ಬಂದಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಹೆಂಗಸರು. ಅಮೆರಿಕದ ಜೂಡ್ ಬೇಹ್ಯಾಮ್ ಮತ್ತು ಎಲೈ ಫೆನಿಕೆಲ್ ಎಂಬ ಇಬ್ಬರು ಸಂಶೋಧಕರು ಇದೇ ಲೆಕ್ಕವನ್ನು ಅಂಕಿಗಳಲ್ಲಿ ಇಟ್ಟು 2020ರ ಏಪ್ರಿಲ್‌ನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅವರ ದೇಶದ ಆರೋಗ್ಯ ಸಿಬ್ಬಂದಿಯಲ್ಲಿ ಶೇ. 28.8ರಷ್ಟು ಜನರ ಮನೆಯಲ್ಲಿ 3ರಿಂದ 12 ವರ್ಷದ ಮಕ್ಕಳಿದ್ದರು. ಮನೆಯಲ್ಲೇ ಇರುವ ದೊಡ್ಡವರು, ಹರೆಯದ ಅಕ್ಕ ಅಣ್ಣಂದಿರು ನೋಡಿಕೊಳ್ಳುತ್ತಾರೆ ಎಂದು ಬಿಟ್ಟರೂ ಶೇ. 15ರಷ್ಟು ಸಿಬ್ಬಂದಿಗೆ ಬೇರೆ ದಿಕ್ಕಿರಲಿಲ್ಲ. ಶಾಲೆ ಮುಚ್ಚಿ ಉಳಿಸುವ ಪ್ರಾಣಗಳಿಗಿಂತ ನರ್ಸ್ ಇಲ್ಲದೆ ಹೋಗುವ ಪ್ರಾಣಗಳು ಹೆಚ್ಚಾದರೆ ಏನು ಗತಿ ಎಂಬುದು ಅವರು ಎತ್ತಿದ ಪ್ರಶ್ನೆ.

ಇಂಥ ಹೊತ್ತಿನಲ್ಲಿ ಯಾವ ದೇಶದಲ್ಲೂ ಮೊದಲು ನೆನಪಾಗುವುದು ಅಜ್ಜಿ. ಆದರೆ ಈ ಕಾಯಿಲೆ ಎಲ್ಲರಿಗಿಂತ ಮೊದಲು ಅಜ್ಜಿ ತಾತಂದಿರನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಮಕ್ಕಳನ್ನು ಅವರ ಬಳಿ ಬಿಡಬೇಡಿ ಎಂದು ಬ್ರಿಟಿಷ್ ಸರ್ಕಾರದ ಸೂಚನೆಯೇ ಹೇಳಿತು. ಅಲ್ಲಿನ ಆಸ್ಪತ್ರೆಗಳಲ್ಲಿರುವ ಭಾರತೀಯ ನರ್ಸುಗಳಿಗೆ, ಅವರಲ್ಲಿ ನಮ್ಮ ಕರಾವಳಿಯ ಕಡೆಯಿಂದ ಹೋದವರಿಗೂ, ಕಷ್ಟ ಇನ್ನೊಂದು ತೂಕ ಹೆಚ್ಚು. ಮಗು ಚಿಕ್ಕದಿದ್ದಾಗ ಊರಿನಿಂದ ಅಮ್ಮನನ್ನೋ ಅತ್ತೆಯನ್ನೋ ವೀಸಾ ಮಾಡಿಸಿ ಆರು ತಿಂಗಳಿಗೆ ಕರೆಸಿಕೊಳ್ಳುವುದು ಅವರಲ್ಲಿ ರೂಢಿ. ಭಾರತ ಮಾರ್ಚ್ 22ರಿಂದ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ಆ ದಾರಿಯೂ ಮುಚ್ಚಿತು. ಶಾಲೆಯೊಂದೇ ಉಳಿಯಿತು.

ಅಗತ್ಯ ಸೇವೆಯವರು ಎಂದರೆ ಯಾರು ಎಂಬ ಪಟ್ಟಿ ಹೊರಬಿದ್ದದ್ದು ಗುರುವಾರ ನಡುರಾತ್ರಿ ದಾಟಿದ ಮೇಲೆ. ಶಾಲೆಗಳಿಗೆ ಸಿದ್ಧತೆಗೆ ಉಳಿದದ್ದು ಶುಕ್ರವಾರ ಒಂದು ದಿನ, ಮೇಲೆ ಒಂದು ಶನಿವಾರ ಭಾನುವಾರ. ಪಟ್ಟಿಯಲ್ಲಿ ಎಂಟು ವಿಭಾಗಗಳಿದ್ದವು. ಆರೋಗ್ಯ ಮತ್ತು ಆರೈಕೆಯವರು ಮೊದಲಿಗೆ. ಅವರ ಹಿಂದೆಯೇ ಶಿಕ್ಷಕರು ಮತ್ತು ಮಕ್ಕಳನ್ನು ನೋಡಿಕೊಳ್ಳುವವರು. ಆಮೇಲೆ ನ್ಯಾಯಾಲಯ, ಸ್ಥಳೀಯ ಆಡಳಿತ, ಪೊಲೀಸರು, ಆಹಾರ, ಸಾರಿಗೆ, ವಿದ್ಯುತ್ತು, ನೀರು, ಅಂಚೆ, ಬ್ಯಾಂಕು. ಆಹಾರ ಎಂದರೆ ಬೆಳೆಯುವವರಿಂದ ಹಿಡಿದು ಅಂಗಡಿಯಲ್ಲಿ ಮಾರುವವರು, ಮನೆಗೆ ತಂದುಕೊಡುವವರವರೆಗೆ. ಕಸ ಒಯ್ಯುವವರು ಇದ್ದರು. ಶವಸಂಸ್ಕಾರದ ವ್ಯವಸ್ಥೆ ನೋಡುವವರು ಇದ್ದರು. ಬ್ರಿಟನ್ನಿನ ಅಂಕಿಅಂಶ ಕಚೇರಿ ಆಮೇಲೆ ಎಣಿಸಿ ನೋಡಿದಾಗ ಇಂಥ ಕೆಲಸಗಳಲ್ಲಿದ್ದವರು 1.06 ಕೋಟಿ ಜನ. ದುಡಿಯುವವರಲ್ಲಿ ಮೂರರಲ್ಲಿ ಒಂದು ಪಾಲು.

ಈ ಪಟ್ಟಿಗೆ ಸಲ್ಲಬೇಕಾದ ಮೆಚ್ಚುಗೆ ಮೊದಲು ಸಲ್ಲಲಿ. ಶಸ್ತ್ರಚಿಕಿತ್ಸಕರ ಮಗು, ಸೂಪರ್‌ಮಾರ್ಕೆಟ್ಟಿನ ಗಲ್ಲಾದಲ್ಲಿ ಕೂರುವವರ ಮಗು ಮತ್ತು ಕಸದ ಲಾರಿ ಓಡಿಸುವವರ ಮಗುವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಸರ್ಕಾರಿ ದಾಖಲೆಗಳು ಹೆಚ್ಚಿಲ್ಲ. ಯಾರ ಸಂಬಳ ಎಷ್ಟು ಎಂದು ಅದು ನೋಡಲಿಲ್ಲ. ಇಬ್ಬರೂ ಪಾಲಕರು ಅಗತ್ಯ ಸೇವೆಯಲ್ಲಿರಬೇಕೆಂಬ ಹಟವನ್ನೂ ಹಿಡಿಯಲಿಲ್ಲ, ಒಬ್ಬರಿದ್ದರೆ ಸಾಕಿತ್ತು. ಜರ್ಮನಿಯ ಹಲವು ರಾಜ್ಯಗಳು ಮೊದಲಿಗೆ ಇಬ್ಬರೂ ಇರಲೇಬೇಕೆಂದು ಕಟ್ಟಳೆ ಮಾಡಿ, ಅದು ನಡೆಯುವ ಮಾತಲ್ಲವೆಂದು ಗೊತ್ತಾಗಿ ಸಡಿಲಿಸಬೇಕಾಯಿತು. ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಮಾರ್ಚ್ 23ರ ಹೊತ್ತಿಗೆ ಆ ನಿಯಮ ಹೋಯಿತು. ಈ ವಿಷಯದಲ್ಲಿ ಲಂಡನ್ನಿನ ಅಧಿಕಾರಿಗಳಿಗೆ ಮನೆಯ ಒಳಗಿನ ವಾಸ್ತವ ಮೊದಲೇ ಗೊತ್ತಿದ್ದಂತಿತ್ತು.

ಇನ್ನು ಶಾಲೆಯ ಒಳಗೆ ನಡೆದದ್ದು.

ಬೆಳಿಗ್ಗೆ ಒಂಬತ್ತು ಗಂಟೆ. ಜೋ ವಿಕ್ಸ್ ಎಂಬ ವ್ಯಾಯಾಮ ಶಿಕ್ಷಕ ಮಾರ್ಚ್ 23ರ ಸೋಮವಾರದಿಂದ ದಿನಾ ಯೂಟ್ಯೂಬಿನಲ್ಲಿ ಮಕ್ಕಳಿಗೆ ಕಸರತ್ತು ಹೇಳಿಕೊಡಲು ಶುರು ಮಾಡಿದ್ದರು. ಮನೆಯಲ್ಲಿ ಕೂತ ಮಕ್ಕಳು ಟಿವಿಯ ಮುಂದೆ ಕುಣಿಯುವ ಹೊತ್ತಿಗೆ ಶಾಲೆಗೆ ಬಂದ ಬೆರಳೆಣಿಕೆಯ ಮಕ್ಕಳೂ ಹಾಲಿನ ದೊಡ್ಡ ಪರದೆಯ ಮುಂದೆ ಅದನ್ನೇ ಕುಣಿಯುತ್ತಿದ್ದರು. ಆಮೇಲೆ ಕೈ ತೊಳೆಯುವ ಸರದಿ. 'ಹ್ಯಾಪಿ ಬರ್ತ್‌ಡೇ' ಹಾಡನ್ನು ಎರಡು ಸಲ ಹಾಡಿ ಮುಗಿಸುವವರೆಗೆ ಸೋಪು ಉಜ್ಜಬೇಕು ಎಂಬುದು ಸರ್ಕಾರದ್ದೇ ಸಲಹೆ. ಐದು ವರ್ಷದ ಮಗು ಯಾರ ಹುಟ್ಟುಹಬ್ಬವೂ ಅಲ್ಲದ ದಿನ ಆ ಹಾಡನ್ನು ಏಳೆಂಟು ಬಾರಿ ಹಾಡುತ್ತಿತ್ತು. ಆಟದ ಬಯಲಿನಲ್ಲಿ ಸೀಮೆಸುಣ್ಣದ ಗೆರೆಗಳು. ಕಿಟಕಿಯ ಗಾಜಿಗೆ ಮಕ್ಕಳೇ ಬಣ್ಣ ಬಳಿದ ಕಾಮನಬಿಲ್ಲು. ಮೆತ್ತನೆಯ ಬೊಂಬೆ, ದಿಂಬುಗಳನ್ನು ತೊಳೆಯುವುದು ಕಷ್ಟವೆಂದು ಎತ್ತಿಟ್ಟ ಮೇಲೆ ಓದುವ ಮೂಲೆ ಬೋಳಾಗಿತ್ತು. ಆರನೆಯ ತರಗತಿಯ ಅಕ್ಕ ಒಂದನೆಯ ತರಗತಿಯ ತಮ್ಮನ ಪಕ್ಕದಲ್ಲಿ ಕೂತು ಬಣ್ಣ ಹಚ್ಚುವಂಥ ಶಾಲೆಯನ್ನು ಇಂಗ್ಲೆಂಡಿನ ನಗರಗಳು ಎಷ್ಟೋ ದಶಕಗಳಿಂದ ಕಂಡಿರಲಿಲ್ಲ. ನಮ್ಮ ಹಳ್ಳಿಯ ಏಕೋಪಾಧ್ಯಾಯ ಶಾಲೆಯಲ್ಲಿ ಓದಿದವರಿಗೆ ಆ ದೃಶ್ಯ ಹೊಸದಲ್ಲ.

ಶಿಕ್ಷಕರು ಸರದಿಯಂತೆ ಬಂದರು. ಒಂದು ವಾರ ಶಾಲೆಯಲ್ಲಿ, ಮುಂದಿನ ವಾರ ಮನೆಯಿಂದ ಆನ್‌ಲೈನ್ ಪಾಠ. ಸಿಬ್ಬಂದಿ ಸಾಲದ ಕಡೆ ಅಕ್ಕಪಕ್ಕದ ಶಾಲೆಗಳು ಒಂದಾಗಿ ಒಂದೇ ಕಟ್ಟಡದಲ್ಲಿ ಮಕ್ಕಳನ್ನು ಸೇರಿಸಿದವು. ಏಪ್ರಿಲ್‌ನ ಈಸ್ಟರ್ ರಜೆಯ ಎರಡು ವಾರಗಳಲ್ಲೂ ಶಾಲೆ ತೆರೆದಿಡಿ ಎಂದು ಸರ್ಕಾರ ಕೇಳಿಕೊಂಡಿತು. ಗುಡ್ ಫ್ರೈಡೇ ದಿನವೂ ಬಾಗಿಲು ತೆಗೆದ ಶಾಲೆಗಳಿದ್ದವು. ಪ್ರತಿ ಗುರುವಾರ ರಾತ್ರಿ ಎಂಟಕ್ಕೆ ಇಡೀ ದೇಶ ಮನೆಬಾಗಿಲಿಗೆ ಬಂದು ಆರೋಗ್ಯ ಸಿಬ್ಬಂದಿಗೆ ಚಪ್ಪಾಳೆ ತಟ್ಟಿತು. ಆ ಸಿಬ್ಬಂದಿಯ ಮಕ್ಕಳಿಗೆ ಶೂ ಲೇಸು ಕಟ್ಟಿದವರ ಹೆಸರು ಆ ಚಪ್ಪಾಳೆಯಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಆಗ ಶಾಲೆಯಲ್ಲಿ ಮಾಸ್ಕ್ ಹಾಕುವ ಸೂಚನೆಯೂ ಇರಲಿಲ್ಲ. ಮೂಗು ಸುರಿಸುವ ಮಗುವಿನಿಂದ ಎರಡು ಮೀಟರ್ ದೂರ ನಿಲ್ಲುವುದು ಹೇಗೆ ಎಂದು ಯಾವ ಸುತ್ತೋಲೆಯೂ ಹೇಳಿಕೊಡಲಿಲ್ಲ. ಆ ಶಿಕ್ಷಕರು ಮಾಡಿದ್ದನ್ನು ಶಿಕ್ಷಣ ಎಂದು ಕರೆಯಬೇಕೋ ಆರೈಕೆ ಎಂದು ಕರೆಯಬೇಕೋ ಎಂಬ ಚರ್ಚೆ ಅಲ್ಲಿ ಆಗಾಗ ಎದ್ದಿತು. ಎಂಟು ವರ್ಷದ ಮಗುವಿಗೆ ಆ ಎರಡರ ನಡುವೆ ಗೋಡೆ ಕಾಣಿಸುವುದಿಲ್ಲ. ಅಮ್ಮ ಕೋವಿಡ್ ವಾರ್ಡಿನಲ್ಲಿದ್ದಾಳೆ, ಇಲ್ಲಿ ತನ್ನನ್ನು ಹೆಸರು ಹಿಡಿದು ಕರೆಯುವ ಟೀಚರ್ ಇದ್ದಾರೆ ಎಂಬುದೇ ಆ ದಿನಗಳ ದೊಡ್ಡ ಪಾಠ.

ಕೊರತೆ ಶುರುವಾಗುವುದು ಗಡಿಯಾರದಿಂದ. ಬ್ರಿಟಿಷ್ ಆಸ್ಪತ್ರೆಯಲ್ಲಿ ನರ್ಸಿನ ಹಗಲು ಪಾಳಿ ಸಾಮಾನ್ಯವಾಗಿ ಬೆಳಿಗ್ಗೆ ಏಳೂವರೆಗೆ ಶುರುವಾಗಿ ರಾತ್ರಿ ಎಂಟರ ಹೊತ್ತಿಗೆ ಮುಗಿಯುತ್ತದೆ. ಹನ್ನೆರಡೂವರೆ ಗಂಟೆ. ಶಾಲೆ ಸುಮಾರು ಒಂಬತ್ತಕ್ಕೆ ತೆರೆದು ಮೂರು, ಮೂರೂಕಾಲಕ್ಕೆ ಬಿಡುತ್ತದೆ. ಬೆಳಗಿನ ಒಂದೂವರೆ ಗಂಟೆ, ಸಂಜೆಯ ಐದು ಗಂಟೆ ಯಾರ ಲೆಕ್ಕ? ಬೆಳಗಿನ ತಿಂಡಿಯ ಕ್ಲಬ್, ಶಾಲೆ ಬಿಟ್ಟ ಮೇಲಿನ ಕ್ಲಬ್‌ಗಳನ್ನು ಸಾಧ್ಯವಾದಲ್ಲಿ ನಡೆಸಿ ಎಂದು ಸರ್ಕಾರ ಪ್ರೋತ್ಸಾಹಿಸಿತು. 'ಸಾಧ್ಯವಾದಲ್ಲಿ' ಎಂಬ ಪದದ ಮೇಲೆ ಎಷ್ಟೋ ಮನೆಗಳ ಸಂಜೆ ನಿಂತಿತ್ತು. ಅಂಥ ಕ್ಲಬ್‌ಗಳಲ್ಲಿ ಹಲವನ್ನು ಖಾಸಗಿಯವರು ಪಾಲಕರ ಶುಲ್ಕದ ಮೇಲೆ ನಡೆಸುತ್ತಾರೆ. ಇನ್ನೂರು ಮಕ್ಕಳಿದ್ದ ಕಡೆ ಎಂಟು ಮಕ್ಕಳು ಬಂದರೆ ಶುಲ್ಕದಿಂದ ಒಬ್ಬರ ಸಂಬಳವೂ ಹುಟ್ಟುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಬೇಕಾದವರಿಗೆ ಶಾಲೆ ನಿಜಕ್ಕೂ ವರವಾಯಿತು. ಆದರೆ ಅವರ ರಾತ್ರಿಗಳಿಗೆ ಉತ್ತರವಿರಲಿಲ್ಲ, ಶನಿವಾರ ಭಾನುವಾರಗಳಿಗೂ ಇರಲಿಲ್ಲ. ಆಸ್ಪತ್ರೆಗೆ ಭಾನುವಾರವೆಂಬುದಿಲ್ಲ.

ಇದು ಕಾಣದೇ ಹೋದ ಕಷ್ಟವಲ್ಲ. ಅದಕ್ಕೂ ಎಪ್ಪತ್ತೇಳು ವರ್ಷ ಹಿಂದೆಯೇ ಒಬ್ಬ ಹಡಗು ಕಟ್ಟುವ ಉದ್ಯಮಿಗೆ ಇದು ಹೊಳೆದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಹೆನ್ರಿ ಕೈಸರ್ ಅವರ ಸಂಸ್ಥೆ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ತನ್ನ ಹಡಗುಕಟ್ಟೆಗಳ ಬಾಗಿಲಲ್ಲೇ ಎರಡು ಮಕ್ಕಳ ಕೇಂದ್ರಗಳನ್ನು ತೆರೆಯಿತು. ಬೆಸುಗೆ ಹಾಕಲು ಬರುವ ತಾಯಂದಿರ ಪಾಳಿಗೆ ಹೊಂದುವಂತೆ ಅವು ನಡೆಯುತ್ತಿದ್ದವು. ಮಗುವಿಗೆ ಸಣ್ಣ ಕಾಯಿಲೆಯಾದರೆ ಅಲ್ಲೇ ಆರೈಕೆ. ತಾಯಿ ಕೆಲಸ ಮುಗಿಸಿ ಮಗುವನ್ನು ಎತ್ತಿಕೊಳ್ಳುವಾಗ ಮನೆಗೆ ಒಯ್ಯಲು ಬಿಸಿ ಮಾಡಿ ತಿನ್ನಬಹುದಾದ ರಾತ್ರಿಯ ಅಡುಗೆಯ ಪೊಟ್ಟಣವನ್ನೂ ಕೊಂಡುಕೊಳ್ಳಬಹುದಿತ್ತು. ಲೋಯಿಸ್ ಮೀಕ್ ಸ್ಟೋಲ್ಜ್ ಎಂಬ ಮಕ್ಕಳ ಮನಃಶಾಸ್ತ್ರಜ್ಞೆ ಅದರ ನಿರ್ದೇಶಕಿ. ಯುದ್ಧ ಮುಗಿದ ಕೂಡಲೇ, 1945ರಲ್ಲಿ, ಎರಡೂ ಮುಚ್ಚಿದವು. ಆದರೆ ಪಾಳಿಯನ್ನು ಮೊದಲು ನೋಡಿ, ಆಮೇಲೆ ಕೇಂದ್ರದ ವೇಳೆ ಗೊತ್ತು ಮಾಡಬೇಕೆಂಬ ತಿಳಿವಳಿಕೆ ಅಲ್ಲಿ ಲಿಖಿತವಾಗಿ ಉಳಿದಿತ್ತು.

ನ್ಯೂಯಾರ್ಕ್ ನಗರ ಅದನ್ನು ಸ್ವಲ್ಪ ಮಟ್ಟಿಗೆ ನೆನಪು ಮಾಡಿಕೊಂಡಿತು. ಅಲ್ಲಿ ಮೇಯರ್ ಬಿಲ್ ಡಿ ಬ್ಲಾಸಿಯೊ ಶಾಲೆ ಮುಚ್ಚಲು ಕೊನೆಯವರೆಗೆ ಹಿಂದೆಮುಂದೆ ನೋಡಿದ್ದಕ್ಕೆ ಒಂದು ಕಾರಣ ಆಸ್ಪತ್ರೆ ಸಿಬ್ಬಂದಿಯ ಮಕ್ಕಳೇ. ಮಾರ್ಚ್ 15ರಂದು ಮುಚ್ಚುವ ತೀರ್ಮಾನವಾಯಿತು. 23ರಂದು ನಗರದ 93 ಕಡೆ ವಿಶೇಷ ಕೇಂದ್ರಗಳು ತೆರೆದವು. ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ, ಮೂರು ಹೊತ್ತಿನ ಊಟ, ಕೋಣೆಗೆ ಹನ್ನೆರಡಕ್ಕಿಂತ ಹೆಚ್ಚಿಲ್ಲದಂತೆ ಮಕ್ಕಳು, ಬಾಗಿಲಲ್ಲಿ ಜ್ವರದ ತಪಾಸಣೆ. ಕಾಗದದ ಮೇಲೆ ಇಂಗ್ಲೆಂಡಿನದಕ್ಕಿಂತ ಇದು ದುಡಿಯುವ ತಾಯಿಯ ದಿನಕ್ಕೆ ಹೆಚ್ಚು ಹತ್ತಿರ. ಸುಮಾರು 57 ಸಾವಿರ ಮಕ್ಕಳಿಗೆ ಜಾಗವಿದೆ ಎಂದು ನಗರ ಹೇಳಿಕೊಂಡಿತು. ಕಾಯಿಲೆ ಉತ್ತುಂಗದಲ್ಲಿದ್ದ ಮಾರ್ಚ್ ಏಪ್ರಿಲ್‌ನಲ್ಲಿ ಬಂದ ಮಕ್ಕಳು ಹತ್ತು ಸಾವಿರದ ಆಸುಪಾಸು.

ಏಕೆ ಬರಲಿಲ್ಲ? ಆ ಕೇಂದ್ರ ಮಗುವಿನ ಸ್ವಂತ ಶಾಲೆ ಆಗಿರಲಿಲ್ಲ. ಗುರುತಿಲ್ಲದ ಕಟ್ಟಡ, ಮುಖ ಪರಿಚಯವಿಲ್ಲದ ಶಿಕ್ಷಕರು, ಬೇರೆ ಬೇರೆ ಬಡಾವಣೆಯ ಮಕ್ಕಳು. ಇಡೀ ದಿನ ಸೋಂಕಿತರ ನಡುವೆ ಇದ್ದು ಬರುವ ತಾಯಿಗೆ, ಮಗುವನ್ನು ಇನ್ನೊಂದು ಅಪರಿಚಿತ ಗುಂಪಿಗೆ ಬಿಡುವುದು ಸುಲಭದ ಮಾತಲ್ಲ. ಇಲ್ಲಿ ಇಂಗ್ಲೆಂಡಿನ ದಾರಿ ಮೇಲು. ಹೆಚ್ಚಿನ ಮಕ್ಕಳು ತಮ್ಮದೇ ಶಾಲೆಗೆ, ತಮ್ಮ ಕೋಟು ನೇತುಹಾಕುವ ಅದೇ ಗೂಟಕ್ಕೆ ಹೋದರು. ಒಂದು ಕಡೆ ವೇಳೆ ಸರಿಯಿತ್ತು, ಇನ್ನೊಂದು ಕಡೆ ಜಾಗ ಸರಿಯಿತ್ತು. ಎರಡನ್ನೂ ಒಂದು ಕಡೆ ಕೂಡಿಸುವ ಪ್ರಯತ್ನಕ್ಕೆ ಹತ್ತಿರ ಬಂದದ್ದು ನೆದರ್ಲೆಂಡ್ಸ್ ಇರಬೇಕು. ಅಲ್ಲಿ ಶಾಲೆಗಳೂ ಶಿಶುಪಾಲನಾ ಕೇಂದ್ರಗಳೂ ಸೇರಿ ತುರ್ತು ಆರೈಕೆ ಕೊಟ್ಟವು, ಪಾಲಕರಿಂದ ಹಣ ಪಡೆಯದೆ.

ಇಂಗ್ಲೆಂಡಿನ ಏರ್ಪಾಡಿನ ನಿಜವಾದ ಸೋಲು ಇರುವುದು ಅದರ ಎರಡನೆಯ ಭಾಗದಲ್ಲಿ. ಅಗತ್ಯ ಸೇವೆಯವರ ಮಕ್ಕಳ ಜೊತೆಗೆ ಅದೇ ಬಾಗಿಲಿನಲ್ಲಿ ಬರಬೇಕಾಗಿದ್ದ ಇನ್ನೊಂದು ಗುಂಪಿತ್ತು. ಮನೆಯಲ್ಲಿ ಹೊಡೆತ, ಹಸಿವು, ಕುಡಿತ, ನಿರ್ಲಕ್ಷ್ಯದ ಭಯವಿದ್ದು ಸಮಾಜ ಕಾರ್ಯಕರ್ತರ ಕಡತದಲ್ಲಿ ಹೆಸರಿದ್ದ ಮಕ್ಕಳು. ವಿಶೇಷ ನೆರವಿನ ಯೋಜನೆಯಲ್ಲಿದ್ದ ಮಕ್ಕಳು. ಇವರು ಬರಬೇಕೆಂದೇ ಬಾಗಿಲು ತೆರೆದದ್ದು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2021ರ ಮಾರ್ಚ್‌ನಲ್ಲಿ ಕೊಟ್ಟ ವರದಿಯಲ್ಲಿ ಇವರ ಲೆಕ್ಕ ಇದೆ. 2020ರ ಮಾರ್ಚ್ 23ರಿಂದ ಮೇ ತಿಂಗಳ ಕೊನೆಯವರೆಗೆ ಇಂಥ ಮಕ್ಕಳಲ್ಲಿ ಶಾಲೆಗೆ ಬಂದವರು ಶೇ. 11ಕ್ಕಿಂತ ಕಡಿಮೆ. ಬೇಸಗೆಯ ಅವಧಿ ಮುಗಿಯುವ ಹೊತ್ತಿಗೂ ವಾರದ ಸರಾಸರಿ ಶೇ. 26. ಅದೇ ವರದಿಯ ಇನ್ನೊಂದು ಸಾಲು ಇದಕ್ಕಿಂತ ಕಳವಳದ್ದು: ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಕ್ಕಳ ರಕ್ಷಣಾ ಸೇವೆಗೆ ಬರುವ ದೂರು ಸೂಚನೆಗಳು ಹಿಂದಿನ ಮೂರು ವರ್ಷಗಳ ಸರಾಸರಿಗಿಂತ ಸುಮಾರು ಶೇ. 15ರಷ್ಟು ಇಳಿದವು. ಮನೆಗಳಲ್ಲಿ ಹಿಂಸೆ ಇಳಿದದ್ದರಿಂದ ಹಾಗಾಯಿತೆಂದು ಯಾರೂ ನಂಬಲಿಲ್ಲ. ಮಗುವಿನ ತೋಳಿನ ಬಾಸುಂಡೆಯನ್ನು ಮೊದಲು ನೋಡುವವರು ಸಾಮಾನ್ಯವಾಗಿ ಶಿಕ್ಷಕರು. ಅವರ ಕಣ್ಣಿನಿಂದ ಮಗು ಮರೆಯಾಗಿತ್ತು.

ನರ್ಸಿನ ಮಗು ಬಂದದ್ದಕ್ಕೂ ಈ ಮಗು ಬಾರದ್ದಕ್ಕೂ ಕಾರಣ ಒಂದೇ ಕಡೆ ಇದೆ. ಮೊದಲನೆಯದನ್ನು ಶಾಲೆಗೆ ಕಳಿಸಲು ತಾಯಿಗೆ ಕೆಲಸದ ಒತ್ತಡವಿತ್ತು. ಎರಡನೆಯದನ್ನು ಕಳಿಸಲು ಪಾಲಕರಿಗೆ ಯಾವ ಒತ್ತಡವೂ ಇರಲಿಲ್ಲ, ಕಳಿಸದಿರಲು ನೂರು ಕಾರಣಗಳಿದ್ದವು: ಸೋಂಕಿನ ಭಯ, 'ಮನೆಯಲ್ಲೇ ಇರಿ' ಎಂಬ ಘೋಷಣೆಯ ಅಬ್ಬರ, ನಮ್ಮ ಮಗು 'ಆ ಪಟ್ಟಿ'ಯದು ಎಂದು ಊರಿಗೆಲ್ಲ ತಿಳಿಯುವ ಮುಜುಗರ. ಒಂದು ಗುಂಪಿಗೆ 'ಅಗತ್ಯ' ಎಂಬ ಗೌರವದ ಹೆಸರು, ಇನ್ನೊಂದಕ್ಕೆ 'ದುರ್ಬಲ' ಎಂಬ ಹಣೆಪಟ್ಟಿ. ಎರಡಕ್ಕೂ ಒಂದೇ ಗೇಟು. ಮನೆಮನೆಗೆ ಫೋನು ಮಾಡಿ, ಬಾಗಿಲು ತಟ್ಟಿ, ಊಟದ ಪೊಟ್ಟಣ ಒಯ್ಯುವ ನೆಪದಲ್ಲಿ ಮಗುವಿನ ಮುಖ ನೋಡಿ ಬಂದ ಶಿಕ್ಷಕರು ಬಹಳ ಮಂದಿ. ಅವರ ಶ್ರಮಕ್ಕೆ ನೀತಿಯ ಬೆಂಬಲ ಸಾಲಲಿಲ್ಲ. ಉಚಿತ ಊಟದ ಮಕ್ಕಳಿಗೆ ವಾರಕ್ಕೆ 15 ಪೌಂಡಿನ ಚೀಟಿ ಕೊಡುವ ಯೋಜನೆ ಮೊದಲ ವಾರಗಳಲ್ಲಿ ತೊಡರಿತು. ಬೇಸಗೆ ರಜೆಯಲ್ಲೂ ಅದನ್ನು ಕೊಡಬೇಕೆಂದು ಮಾರ್ಕಸ್ ರ‍್ಯಾಶ್‌ಫರ್ಡ್ ಎಂಬ ಯುವ ಫುಟ್‌ಬಾಲ್ ಆಟಗಾರ ಬಹಿರಂಗವಾಗಿ ಬರೆದು ಕೇಳಬೇಕಾಯಿತು. ಸರ್ಕಾರ ಜೂನ್ 16ರಂದು ಒಪ್ಪಿತು. ಶಾಲೆಯ ಊಟದ ಕೋಣೆ ತೆರೆದೇ ಇದ್ದ ದೇಶದಲ್ಲಿ ಹಸಿದ ಮಗು ಅಲ್ಲಿಗೆ ಬರಲಾರದೆ ಹೋದದ್ದನ್ನು ಆ ಆಟಗಾರನ ಪತ್ರ ಎಲ್ಲರಿಗಿಂತ ಚೆನ್ನಾಗಿ ತೋರಿಸಿತು.

ಶಾಲೆ ಮುಚ್ಚುವ ಎರಡನೆಯ ಸುತ್ತು 2021ರ ಜನವರಿಯಲ್ಲಿ. ಕ್ರಿಸ್‌ಮಸ್ ರಜೆ ಮುಗಿಸಿ ಪ್ರಾಥಮಿಕ ಶಾಲೆಗಳು ಜನವರಿ 4ರ ಸೋಮವಾರ ತೆರೆದವು. ಅದೇ ರಾತ್ರಿ ಪ್ರಧಾನಿ ಬೋರಿಸ್ ಜಾನ್ಸನ್ ಟಿವಿಯಲ್ಲಿ ಬಂದು ಮರುದಿನದಿಂದ ಮುಚ್ಚುವುದಾಗಿ ಹೇಳಿದರು. ಪಟ್ಟಿ ಹೆಚ್ಚುಕಡಿಮೆ ಹಳೆಯದೇ. ಐರೋಪ್ಯ ಒಕ್ಕೂಟದಿಂದ ಹೊರಬರುವ ಕೆಲಸಕ್ಕೆ ಬೇಕಾದವರೂ ಈಗ ಸೇರಿದ್ದರು, ಓದಲು ಲ್ಯಾಪ್‌ಟಾಪ್ ಇಲ್ಲದ, ಮನೆಯಲ್ಲಿ ಕೂರಲು ಜಾಗವಿಲ್ಲದ ಮಕ್ಕಳಿಗೂ ಬಾಗಿಲು ತೆರೆದಿತ್ತು. ಆದರೆ ಜನ ಬದಲಾಗಿದ್ದರು. ಅಡುಗೆಮನೆಯ ಮೇಜಿನ ಮೇಲೆ ಕಚೇರಿ ಕೆಲಸ ಮಾಡುತ್ತ ಪಕ್ಕದಲ್ಲಿ ಆರು ವರ್ಷದ ಮಗುವಿಗೆ ಅಕ್ಷರ ತಿದ್ದಿಸುವುದು ಆಗದ ಕೆಲಸ ಎಂದು ಹಿಂದಿನ ವಸಂತದಲ್ಲೇ ಅವರು ಕಲಿತಿದ್ದರು. ಪ್ರಾಥಮಿಕ ಶಾಲೆಗಳಲ್ಲಿ ಐದರಲ್ಲಿ ಒಂದು ಮಗು ಬಂದು ಕೂತಿತು. ಕೆಲವು ಶಾಲೆಗಳಲ್ಲಿ ಅರ್ಧ ತರಗತಿಯೇ ತುಂಬಿತು.

ಆಗ ಬಾಗಿಲಲ್ಲಿ ನಿಲ್ಲಬೇಕಾದವರು ಮುಖ್ಯ ಶಿಕ್ಷಕರು. ಸರ್ಕಾರ ಎಷ್ಟು ಮಕ್ಕಳನ್ನು ತೆಗೆದುಕೊಳ್ಳಬಹುದೆಂಬ ಮಿತಿ ಹೇಳಲಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಬಲ್ಲವರು ಇಟ್ಟುಕೊಳ್ಳಿ ಎಂದು ಮಾತ್ರ ಹೇಳಿತು. ಹೀಗಾಗಿ ಒಂದು ಶಾಲೆ ಇಬ್ಬರೂ ಪಾಲಕರು ಅಗತ್ಯ ಸೇವೆಯಲ್ಲಿರಬೇಕೆಂದರೆ, ಪಕ್ಕದ ಬೀದಿಯ ಶಾಲೆ ಒಬ್ಬರು ಸಾಕೆಂದಿತು. ಕೆಲಸದ ಗುರುತಿನ ಚೀಟಿ ತೋರಿಸಿ ಎಂದು ದಿನಾ ಮುಖ ನೋಡುವ ಪಾಲಕರನ್ನು ಕೇಳಬೇಕಾಯಿತು. ಆ ಪಾಲಕರಲ್ಲಿ ಒಬ್ಬರಿಗೆ 'ಇಲ್ಲ' ಎಂದು ಹೇಳಿದ ಮೇಲೆ ಅದೇ ಗೇಟಿನಲ್ಲಿ ಮುಂದಿನ ಆರು ವರ್ಷ ಅವರ ಮುಖ ನೋಡಬೇಕು. ಲಂಡನ್ನಿನ ಕಚೇರಿಯಲ್ಲಿ ತೀರ್ಮಾನವಾಗಬೇಕಿದ್ದ ಕಷ್ಟದ ಪ್ರಶ್ನೆಯನ್ನು ಹೀಗೆ ಗೇಟಿಗೆ ತಳ್ಳಿದ್ದು ಈ ಏರ್ಪಾಡಿನ ಅತ್ಯಂತ ಅನ್ಯಾಯದ ಭಾಗ. ಅದೇ ಚಳಿಗಾಲದಲ್ಲಿ ಲಸಿಕೆ ಬಂತು. ಅಗತ್ಯ ಸೇವೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ಶಿಕ್ಷಕರಿಗೆ ಲಸಿಕೆಯ ಸರದಿಯಲ್ಲಿ ಕೆಲಸದ ಆಧಾರದ ಮೇಲೆ ಸ್ಥಾನ ಸಿಗಲಿಲ್ಲ. ವಯಸ್ಸಿನ ಪ್ರಕಾರ ಕಾಯಬೇಕಾಯಿತು. ವಯಸ್ಸಿನ ಕ್ರಮವೇ ಬೇಗ ಮುಗಿಯುತ್ತದೆ ಎಂಬ ತಜ್ಞರ ವಾದದಲ್ಲಿ ಹುರುಳಿತ್ತು. ಆದರೂ ಮಾಸ್ಕ್ ಇಲ್ಲದ ಮೂವತ್ತು ಮಕ್ಕಳ ಮುಂದೆ ದಿನಾ ನಿಂತವರಿಗೆ ಆ ವಾದ ಎಷ್ಟು ರುಚಿಸೀತು?

ಅಪಾಯ ಎಷ್ಟಿತ್ತು ಎಂಬುದಕ್ಕೆ ಒಂದಿಷ್ಟು ಆಧಾರಗಳಿವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಮ್ ಮತ್ತು ಸಂಗಡಿಗರು 57,335 ಶಿಶುಪಾಲಕರನ್ನು ಕೇಳಿ ನೋಡಿದರು. ಕೇಂದ್ರ ತೆರೆದಿಟ್ಟವರಿಗೂ ಮುಚ್ಚಿದವರಿಗೂ ಸೋಂಕಿನ ಪ್ರಮಾಣದಲ್ಲಿ ಎದ್ದುಕಾಣುವ ವ್ಯತ್ಯಾಸ ಸಿಗಲಿಲ್ಲ. ಆದರೆ ಅವು ಸಣ್ಣ ಗುಂಪುಗಳು, ದಿನವೂ ತಪಾಸಣೆ ಮಾಡಿದ, ಪದೇ ಪದೇ ಕೈ ತೊಳೆಸಿದ ಕೇಂದ್ರಗಳು; ಅದೂ 2020ರ ಮೊದಲ ತಿಂಗಳುಗಳ ಮಾತು. ಹತ್ತು ಮಕ್ಕಳ ಕೋಣೆಗೆ ಸಿಕ್ಕ ಧೈರ್ಯವನ್ನು ಮೂವತ್ತು ಮಕ್ಕಳ ಕೋಣೆಗೆ ಹಾಗೆಯೇ ಹಂಚಲು ಬರುವುದಿಲ್ಲ. 2021ರ ಮಾರ್ಚ್ 8ರಂದು ಎಲ್ಲ ಮಕ್ಕಳಿಗೂ ಶಾಲೆ ತೆರೆಯಿತು. ಪಟ್ಟಿಯ ಕೆಲಸ ಮುಗಿಯಿತು.

ಇದನ್ನೆಲ್ಲ ಕರ್ನಾಟಕದಲ್ಲಿ ಕೂತು ಓದುವವರಿಗೆ ಮನಸ್ಸು ಹಿಂದಕ್ಕೆ ಓಡುವುದು ಸಹಜ. 2020ರಲ್ಲಿ ಇಲ್ಲಿ ಶಾಲೆ ಮುಚ್ಚಿದಾಗ ನಿಜವಾಗಿಯೇ ಮುಚ್ಚಿತು. ಪಟ್ಟಿಯೂ ಇರಲಿಲ್ಲ, ಅದರಿಂದ ಹೊರಗುಳಿಯುವ ಪ್ರಶ್ನೆಯೂ ಏಳಲಿಲ್ಲ. ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜ್ವರ ಇದೆಯೇ, ಹೊರಗಿನಿಂದ ಯಾರಾದರೂ ಬಂದಿದ್ದಾರೆಯೇ ಎಂದು ಬರೆದುಕೊಂಡರು. ಜುಲೈನಲ್ಲಿ ಅವರು ಮುಷ್ಕರ ಹೂಡಿದಾಗ ಕೇಳಿದ್ದು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ. ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎಂಬುದು ಬೇಡಿಕೆಯಾಗಿ ಮುಂದೆ ಬರಲೂ ಇಲ್ಲ. ಬೆಳಗಿನ ಜಾವ ಪೊರಕೆ ಹಿಡಿದು ಬೀದಿಗಿಳಿದ ಪೌರಕಾರ್ಮಿಕರ ಮಕ್ಕಳು, ಪಾಳಿಗೆ ಹೋದ ಸ್ಟಾಫ್ ನರ್ಸಿನ ಮಕ್ಕಳು ಅಕ್ಕನ ಸುಪರ್ದಿಗೋ, ಓಣಿಯ ಪರಿಚಯದವರಿಗೋ, ಒಂದು ಫೋನಿಗೋ ಬಿಟ್ಟುಹೋದ ಮಕ್ಕಳಾದರು.

ಇಂಗ್ಲೆಂಡಿಗೆ ಇಲ್ಲದ ಒಂದು ಆಸ್ತಿ ಕರ್ನಾಟಕಕ್ಕಿತ್ತು: ನಡೆದು ಹೋಗುವಷ್ಟು ದೂರದಲ್ಲಿ, 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳು. ಪ್ರತಿಯೊಂದರಲ್ಲೂ ಊರಿನ ಮಕ್ಕಳ ಹೆಸರು, ತೂಕ, ಮನೆಯ ಸ್ಥಿತಿ ಬಲ್ಲ ಒಬ್ಬ ಕಾರ್ಯಕರ್ತೆ. ಅವು ಮಾರ್ಚ್‌ನಲ್ಲಿ ಬಾಗಿಲು ಹಾಕಿದವು. ಕಾರ್ಯಕರ್ತೆಯರು ಮಾತ್ರ ದಿನಸಿಯ ಪೊಟ್ಟಣ ಹೊತ್ತು ಗರ್ಭಿಣಿಯರ, ಬಾಣಂತಿಯರ, ಮಕ್ಕಳ ಮನೆ ಮನೆಗೆ ನಡೆದರು. ಸಮೀಕ್ಷೆಗೂ ಅವರೇ ಹೋದರು. ಮಕ್ಕಳನ್ನು ನೋಡಿಕೊಳ್ಳುವುದನ್ನೇ ಕಸುಬು ಮಾಡಿಕೊಂಡವರು ತಮ್ಮ ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಬೀಗ ಹಾಕಿದ ಅಂಗನವಾಡಿಯ ಮುಂದೆಯೇ ಹಾದು ಡ್ಯೂಟಿಗೆ ಹೋದರು. ಆ ಬೀಗ ತೆಗೆದದ್ದು 2021ರ ನವೆಂಬರ್ 8ರಂದು.